ಉಯಿಲು ಹುಡುಕುವ ದಾರಿ: ಕರಾವಳಿಯ ಹಳ್ಳಿಗಳು ಮತ್ತು ಜಿಲ್ಲಾ ಕೋರ್ಟಿನ ಪ್ರೊಬೇಟ್ ಕಡತಗಳು

(ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)



ಮನೆತನದ ಚರಿತ್ರೆ ಬರೆಯಬೇಕೆಂದು ಹೊರಟವರು ನಮ್ಮ ಕರಾವಳಿಯಲ್ಲಿ ಮೊದಲು ಹೋಗುವುದು ಇಗರ್ಜಿಗೆ ಇಲ್ಲವೆ ದೈವಸ್ಥಾನಕ್ಕೆ. ಅಲ್ಲಿಂದ ತಾಲ್ಲೂಕು ಕಚೇರಿಗೆ. ಆಮೇಲೆ ಮನೆಯಲ್ಲಿ ಉಳಿದಿರುವ ಹಿರಿಯರ ಬಳಿಗೆ. ಹುಟ್ಟು, ಮದುವೆ, ಸಾವಿನ ದಿನಗಳು ಸಿಗುತ್ತವೆ. ಜಮೀನಿನ ಸರ್ವೆ ನಂಬರು ಸಿಗುತ್ತದೆ. ಆದರೆ ಆ ಮನೆಯೊಳಗೆ ಏನೇನಿತ್ತು, ಯಾರು ಯಾರಿಗೆ ಸಾಲ ಕೊಟ್ಟಿದ್ದರು, ಯಾವ ಮಗಳಿಗೆ ಏನು ಕೊಟ್ಟು ಕಳಿಸಿದರು, ಯಾವ ಮಗನ ಮೇಲೆ ನಂಬಿಕೆಯಿತ್ತು ಎಂಬುದು ಈ ಮೂರು ಕಡೆಯೂ ಸಿಗುವುದಿಲ್ಲ. ಅದೆಲ್ಲ ಬರಹದಲ್ಲಿ ಉಳಿದಿರುವುದು ಜಿಲ್ಲಾ ಕೋರ್ಟಿನ ದಾಖಲೆ ಕೋಣೆಯಲ್ಲಿ, ಉಯಿಲಿನ ಪ್ರೊಬೇಟ್ ಕಡತಗಳಲ್ಲಿ. ಅವುಗಳನ್ನು ಪತ್ತೆ ಹಚ್ಚುವುದು ಹೇಗೆ, ಕೇಳಿ ಪಡೆಯುವುದು ಹೇಗೆ ಎಂಬುದೇ ಇಂದಿನ ಮಾತು. ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಕಾರಣವನ್ನೂ ಮೊದಲೇ ಹೇಳಿಬಿಡುತ್ತೇನೆ. ಯಾರೂ ಕೇಳಲು ಬಾರದ ಕಡತವನ್ನು ಜೋಪಾನ ಮಾಡಬೇಕೆಂದು ಯಾವ ಕಚೇರಿಗೂ ಅನಿಸುವುದಿಲ್ಲ. ಕೇಳುವವರು ಹೆಚ್ಚಬೇಕು, ಸರಿಯಾದ ಕಡೆ, ಸರಿಯಾದ ರೀತಿಯಲ್ಲಿ ಕೇಳುವವರು ಹೆಚ್ಚಬೇಕು.

ಪ್ರೊಬೇಟ್ ಎಂದರೆ, ತೀರಿಕೊಂಡವರ ಉಯಿಲು ಕಾನೂನಿನ ಪ್ರಕಾರ ಬರೆದದ್ದು, ಅದೇ ಕೊನೆಯದು ಎಂದು ಕೋರ್ಟು ವಿಚಾರಿಸಿ, ಉಯಿಲಿನ ಪ್ರತಿಗೆ ಮೊಹರು ಹಾಕಿ ಎಕ್ಸಿಕ್ಯೂಟರ್, ಅಂದರೆ ಉಯಿಲನ್ನು ಜಾರಿಗೆ ತರಲು ಅದರಲ್ಲೇ ಹೆಸರಿಸಿದವರ ಕೈಗೆ ಕೊಡುವ ಪತ್ರ. ಉಯಿಲಿನಲ್ಲಿ ಎಕ್ಸಿಕ್ಯೂಟರ್ ಹೆಸರಿಲ್ಲದಿದ್ದರೆ, ಅಥವಾ ಉಯಿಲೇ ಇಲ್ಲದಿದ್ದರೆ ಕೊಡುವುದು ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್. ಸತ್ತವರಿಗೆ ಬರಬೇಕಾದ ಸಾಲ, ಬ್ಯಾಂಕಿನ ಹಣ, ಷೇರುಗಳ ಮಟ್ಟಿಗೆ ಕೊಡುವುದು ಸಕ್ಸೆಷನ್ ಸರ್ಟಿಫಿಕೇಟು. ಮೂರಕ್ಕೂ ಈಗಿನ ಆಧಾರ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದಕ್ಕೂ ಹಿಂದಿನ ಕಡತಗಳ ತಲೆಬರಹದಲ್ಲಿ 1865, 1881, 1889ರ ಕಾಯ್ದೆಗಳ ಹೆಸರು ಇರುತ್ತದೆ. ಅವೆಲ್ಲವನ್ನೂ ಒಟ್ಟುಗೂಡಿಸಿದ್ದೇ 1925ರ ಕಾಯ್ದೆ.

ಹುಡುಕಲು ಹೊರಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಈ ಮನೆಯವರು ಪ್ರೊಬೇಟ್ ಮಾಡಿಸುವ ಅಗತ್ಯವಾದರೂ ಇತ್ತೇ? ಈ ಪ್ರಶ್ನೆ ಕೇಳದೆ ಹೊರಟವರು ತಿಂಗಳುಗಟ್ಟಲೆ ಅಲೆಯುವುದನ್ನು ಕಂಡಿದ್ದೇನೆ. ಉಯಿಲಿನ ಬಲದಿಂದ ಕೋರ್ಟಿನಲ್ಲಿ ಹಕ್ಕು ಸಾಧಿಸಲು ಪ್ರೊಬೇಟ್ ಇರಲೇಬೇಕು ಎನ್ನುತ್ತಿದ್ದದ್ದು ಕಾಯ್ದೆಯ 213ನೇ ಕಲಮು. ಹಿಂದೂ, ಜೈನ, ಬೌದ್ಧ, ಸಿಖ್ಖರ ಮಟ್ಟಿಗೆ ಆ ಕಟ್ಟುಪಾಡು ಅನ್ವಯಿಸುತ್ತಿದ್ದದ್ದು ಹಳೆಯ ಬಂಗಾಳ ಪ್ರಾಂತ್ಯಕ್ಕೆ ಮತ್ತು ಮದ್ರಾಸ್, ಬೊಂಬಾಯಿ ನಗರಗಳಲ್ಲಿ ಬರೆದ ಅಥವಾ ಆ ನಗರಗಳ ಆಸ್ತಿಗೆ ಸಂಬಂಧಿಸಿದ ಉಯಿಲುಗಳಿಗೆ. ಮೈಸೂರು ಸೀಮೆಯ ರೈತನಿಗಾಗಲಿ, ಧಾರವಾಡದ ಇನಾಂದಾರನಿಗಾಗಲಿ, ದಕ್ಷಿಣ ಕನ್ನಡದ ಗುತ್ತಿನ ಮನೆಗಾಗಲಿ ಅದು ಕಡ್ಡಾಯವಾಗಿರಲಿಲ್ಲ. ಮುಸ್ಲಿಮರಿಗೂ ಇರಲಿಲ್ಲ. ನಮ್ಮ ಕಡೆಯ ಅಳಿಯಸಂತಾನದ ಮನೆಗಳಲ್ಲಂತೂ ಕುಟುಂಬದ ಆಸ್ತಿಯಲ್ಲಿ ಒಬ್ಬರ ಪಾಲನ್ನು ಉಯಿಲಿನ ಮೂಲಕ ಕೊಡುವ ಅವಕಾಶ ತೆರೆದುಕೊಂಡದ್ದೇ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ. ಹಾಗಾಗಿ ಹಳ್ಳಿಯ ಹಿಂದೂ ಮನೆಯ ಅಜ್ಜನ ಪ್ರೊಬೇಟ್ ಸಿಗಲಿಲ್ಲವೆಂದರೆ ಯಾರೋ ಕದ್ದರು, ಸುಟ್ಟರು ಎಂದು ಅನುಮಾನಪಡಬೇಡಿ. ಬಹುಪಾಲು ಅದು ಹುಟ್ಟಿಯೇ ಇರುವುದಿಲ್ಲ.

ಕ್ರೈಸ್ತರ ವಿಷಯ ಬೇರೆ. 2002ರ ತಿದ್ದುಪಡಿ ಬರುವ ತನಕ ಭಾರತೀಯ ಕ್ರೈಸ್ತರು ಉಯಿಲಿನ ಹಕ್ಕನ್ನು ಕೋರ್ಟಿನಲ್ಲಿ ಎತ್ತಿಹಿಡಿಯಲು ಪ್ರೊಬೇಟ್ ತರಬೇಕಾಗಿತ್ತು. ಹಾಗಾಗಿ ಕನ್ನಡನಾಡಿನ ಹಳ್ಳಿಗಾಡಿನ ಪ್ರೊಬೇಟ್ ಕಡತಗಳು ಹೇರಳವಾಗಿ ಸಿಗಬೇಕಾದ ಜಾಗ ಯಾವುದೆಂದು ಕೇಳಿದರೆ ನಾನು ಮೊದಲು ತೋರಿಸುವುದು ಹಳೆಯ ದಕ್ಷಿಣ ಕನ್ನಡ ಜಿಲ್ಲೆಯನ್ನು. ಕಥೊಲಿಕ ರೈತ ಕುಟುಂಬಗಳು ಕುಂದಾಪುರದಿಂದ ಕಾಸರಗೋಡಿನ ತನಕ ಗದ್ದೆ, ತೋಟ ಮಾಡಿಕೊಂಡು ನೆಲೆಸಿದ್ದ ಜಿಲ್ಲೆ ಇದು. ಇಂದು ನಾನು ಆಡುವುದು ಮುಖ್ಯವಾಗಿ ಈ ನೆಲದ ಮಾತು.

ಈ ಕಡತಗಳು ಏಕೆ ಅಷ್ಟು ಬೆಲೆಯುಳ್ಳವು? ಉಯಿಲು ಅದರ ಒಂದು ಭಾಗ ಮಾತ್ರ. ಅರ್ಜಿಯ ಜೊತೆಗೆ ಆಸ್ತಿಯ ಬೆಲೆಪಟ್ಟಿ ಲಗತ್ತಿಸಬೇಕಾಗಿತ್ತು, ಏಕೆಂದರೆ ಕೋರ್ಟ್ ಫೀ ನಿಗದಿಯಾಗುತ್ತಿದ್ದದ್ದು ಆ ಬೆಲೆಯ ಮೇಲೆ. 1870ರ ಕೋರ್ಟ್ ಫೀ ಕಾಯ್ದೆಯ ಮೂರನೇ ಷೆಡ್ಯೂಲಿನಲ್ಲಿ ಇದಕ್ಕೊಂದು ನಮೂನೆಯಿದೆ. ಅದರ ‘ಎ’ ಅನುಬಂಧದಲ್ಲಿ ಮನೆಯಲ್ಲಿರುವ ಮತ್ತು ಬ್ಯಾಂಕಿನಲ್ಲಿರುವ ನಗದು, ಮನೆಸಾಮಾನು, ಉಡುವ ಬಟ್ಟೆ, ಪುಸ್ತಕ, ಬೆಳ್ಳಿ ಪಾತ್ರೆ, ಒಡವೆ. ಆಮೇಲೆ ಜಮೀನು, ಗೇಣಿಯ ಹಕ್ಕು, ಅಡಮಾನ, ಬರಬೇಕಾದ ಸಾಲ, ವ್ಯಾಪಾರದ ಸರಕು. ‘ಬಿ’ ಅನುಬಂಧದಲ್ಲಿ ಕೊಡಬೇಕಾದ ಸಾಲ, ಅಂತ್ಯಕ್ರಿಯೆಯ ಖರ್ಚು, ಅಡಮಾನದ ಬಾಕಿ. ಒಂದು ಹಳ್ಳಿಮನೆಯ ಬದುಕನ್ನು ಒಂದು ನಿರ್ದಿಷ್ಟ ದಿನದಲ್ಲಿ ನಿಲ್ಲಿಸಿ ಎಣಿಸಿದ ಪಟ್ಟಿ ಇದು. ಜೊತೆಗೆ 317ನೇ ಕಲಮಿನ ಪ್ರಕಾರ ಎಕ್ಸಿಕ್ಯೂಟರು ಪ್ರೊಬೇಟ್ ಸಿಕ್ಕ ಆರು ತಿಂಗಳೊಳಗೆ ಪೂರ್ತಿ ಆಸ್ತಿಪಟ್ಟಿಯನ್ನೂ ಒಂದು ವರ್ಷದೊಳಗೆ ಲೆಕ್ಕವನ್ನೂ ಕೋರ್ಟಿಗೆ ಒಪ್ಪಿಸಬೇಕು. ಎಲ್ಲರೂ ಒಪ್ಪಿಸಿರುವುದಿಲ್ಲ, ಒಪ್ಪಿಸಿದ್ದರೆ ಅದು ಸಿಕ್ಕವರ ಭಾಗ್ಯ.

ಬೆಳ್ತಂಗಡಿ ಕಡೆಯ ಒಬ್ಬ ಕ್ರೈಸ್ತ ವಿಧವೆಯ ಕಡತವನ್ನು ಅವರ ಮೊಮ್ಮಗಳ ಜೊತೆ ಕುಳಿತು ಓದಿದ್ದೇನೆ. ಎರಡನೇ ಮಹಾಯುದ್ಧಕ್ಕಿಂತ ಹಿಂದಿನ ಕಡತ. ದಾರದ ಕಟ್ಟು ಬಿಚ್ಚಿದಾಗ ಮೇಲೆ ಆರ್ಡರ್ ಶೀಟು, ಅಂಚು ಪುಡಿಯಾಗಿತ್ತು. ಅದರ ಕೆಳಗೆ ಅರ್ಜಿ, ಸಾಕ್ಷಿಗಳಿಬ್ಬರ ಅಫಿಡವಿಟ್ಟು, ಬೆಲೆಪಟ್ಟಿ. ಪಟ್ಟಿಯಲ್ಲಿ ಉಳುವ ಕೋಣ ಒಂದು ಜೊತೆ, ಭತ್ತದ ಪತ್ತಾಯ, ತಾಮ್ರದ ಹಂಡೆ, ಕ್ರೂಸು ಇದ್ದ ಬಂಗಾರದ ಸರ. ಮನೆಯಲ್ಲಿ ಎಲ್ಲರೂ ಹೇಳುತ್ತಾ ಬಂದದ್ದು, ಅಜ್ಜಿ ಗಂಡ ಹೋದ ಮೇಲೆ ಗಂಡುಮಕ್ಕಳ ಹಂಗಿನಲ್ಲಿ ಬದುಕಿದವರು ಎಂದು. ಆದರೆ ಪಟ್ಟಿಯ ಮುಂದಿನ ಪುಟದಲ್ಲಿ ಅವರಿಗೆ ಬರಬೇಕಾದ ಬಾಕಿಗಳಿದ್ದವು: ನೆರೆಕರೆಯ ಒಬ್ಬೊಬ್ಬರ ಹೆಸರು, ಮುಂದೆ ಇಷ್ಟು ಮುಡಿ ಅಕ್ಕಿ, ಇಷ್ಟು ರೂಪಾಯಿ. ಸಾಲ ಪಡೆದವರಲ್ಲಿ ಅವರ ಹಿರಿಯ ಮಗನ ಹೆಸರೂ ಇತ್ತು. ಉಯಿಲಿನ ಕೊನೆಗೆ ರುಜುವಿನ ಬದಲು ಹೆಬ್ಬೆಟ್ಟಿನ ಗುರುತು. ಅಕ್ಷರ ಬಾರದ ಆ ಹೆಂಗಸು ಸುತ್ತಲಿನ ಹತ್ತಾರು ಮನೆಗಳ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡಿದ್ದರು, ಸಾಯುವ ಮೊದಲು ಒಂದೂ ಬಿಡದೆ ಬರೆಸಿದ್ದರು. ಮೊಮ್ಮಗಳು ಆ ಪುಟವನ್ನು ಎರಡು ಸಲ ಓದಿಸಿಕೊಂಡರು.

ಹೆಣ್ಣುಮಕ್ಕಳ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 1865ರ ಕಾಯ್ದೆಯಾಗಲಿ 1925ರದ್ದಾಗಲಿ, ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ಹೆಂಡತಿಗೆ ಮೂರನೇ ಒಂದು ಭಾಗ, ಉಳಿದದ್ದು ಮಕ್ಕಳೆಲ್ಲರಿಗೂ ಸಮಪಾಲು ಎನ್ನುತ್ತದೆ; ಗಂಡು ಹೆಣ್ಣೆಂಬ ಭೇದವಿಲ್ಲ. ಹಿಂದೂ ಮಗಳಿಗೆ ಅಂಥ ಸಮಪಾಲು ಕನಸಾಗಿದ್ದ ಕಾಲದಲ್ಲಿ ಕಾನೂನು ಕ್ರೈಸ್ತ ಮಗಳಿಗೆ ಅದನ್ನು ಕೊಟ್ಟಿತ್ತು. ಹಾಗಿದ್ದ ಮೇಲೆ ನಮ್ಮ ಹಳ್ಳಿಗಳಲ್ಲಿ ಗದ್ದೆ ತೋಟಗಳು ಗಂಡುಮಕ್ಕಳ ಹೆಸರಿಗೇ ಹೋದದ್ದು ಹೇಗೆ? ಆ ದಾರಿಗಳಲ್ಲಿ ಉಯಿಲೂ ಒಂದು. ಮಗಳಿಗೆ ಮದುವೆಯ ಕಾಲದಲ್ಲಿ ಇಂತಿಷ್ಟು ಕೊಟ್ಟಾಗಿದೆ, ಇನ್ನು ಆಸ್ತಿಯಲ್ಲಿ ಅವಳ ಹಕ್ಕಿಲ್ಲ ಎಂಬ ಅರ್ಥದ ಸಾಲುಗಳನ್ನು ಓದುವಾಗ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ. ಆದರೆ ಅದೇ ಸಾಲುಗಳಿಂದಲೇ ಆ ಮಗಳಿಗೆ ಎಷ್ಟು ಕೊಟ್ಟರು, ಯಾವ ಊರಿಗೆ ಕೊಟ್ಟರು, ಅವಳು ಆಗ ಬದುಕಿದ್ದಳೇ ಎಂಬುದೂ ತಿಳಿಯುತ್ತದೆ. ಮನೆಯ ವಂಶವೃಕ್ಷದಲ್ಲಿ ಬಿಟ್ಟುಹೋದ ಹೆಣ್ಣುಮಕ್ಕಳು ಕೋರ್ಟಿನ ಕಡತದಲ್ಲಿ ಹೆಸರುಳ್ಳವರಾಗಿ ಉಳಿದಿದ್ದಾರೆ. ಉಯಿಲಿಲ್ಲದ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್ ಅರ್ಜಿ ಇನ್ನೂ ಒಳ್ಳೆಯದು. 278ನೇ ಕಲಮು ಅಲ್ಲಿ ಸತ್ತವರ ಸಂಸಾರದವರು, ಸಂಬಂಧಿಕರು, ಅವರ ವಾಸದ ಊರು ಎಲ್ಲವನ್ನೂ ಬರೆಯಲು ಹೇಳುತ್ತದೆ. ಸಕ್ಸೆಷನ್ ಸರ್ಟಿಫಿಕೇಟಿನ ಅರ್ಜಿಯೂ ಹಾಗೆಯೇ. ಎಷ್ಟೋ ಸಲ ಇಡೀ ವಂಶವೃಕ್ಷ ಆ ಒಂದು ಪ್ಯಾರಾದಲ್ಲಿ ಸಿಗುತ್ತದೆ.

ಇನ್ನು ಯಾವ ಕೋರ್ಟು ಎಂಬ ವಿಷಯ. ಪ್ರೊಬೇಟಿನ ಅಧಿಕಾರ ಜಿಲ್ಲಾ ನ್ಯಾಯಾಧೀಶರದ್ದು. ತೀರಿಕೊಂಡವರ ವಾಸ ಎಲ್ಲಿತ್ತೋ ಅಥವಾ ಅವರ ಆಸ್ತಿ ಎಲ್ಲಿತ್ತೋ ಆ ಜಿಲ್ಲೆಯ ಕೋರ್ಟಿಗೆ ಅರ್ಜಿ ಹೋಗುತ್ತದೆ. ತಕರಾರಿಲ್ಲದ ಪ್ರಕರಣಗಳನ್ನು ನೋಡಲು ಹೈಕೋರ್ಟು ಕೆಳಗಿನ ನ್ಯಾಯಾಧೀಶರನ್ನು ಡಿಸ್ಟ್ರಿಕ್ಟ್ ಡೆಲಿಗೇಟ್ ಎಂದು ನೇಮಿಸಬಹುದು, ಆದ್ದರಿಂದ ಸಣ್ಣ ಊರಿನ ಕೋರ್ಟಿನಲ್ಲೂ ಒಮ್ಮೊಮ್ಮೆ ಕಡತ ಇರುತ್ತದೆ. ಇಲ್ಲಿ ನೋಡಬೇಕಾದದ್ದು ಇಂದಿನ ನಕ್ಷೆಯನ್ನಲ್ಲ, ಸತ್ತ ವರ್ಷದ ನಕ್ಷೆಯನ್ನು. ಉಡುಪಿ ಜಿಲ್ಲೆಯಾದದ್ದು 1997ರಲ್ಲಿ. ಕಾರ್ಕಳದ, ಕುಂದಾಪುರದ ಅದಕ್ಕಿಂತ ಹಳೆಯ ಪ್ರೊಬೇಟನ್ನು ಮೊದಲು ಮಂಗಳೂರಿನಲ್ಲಿ ವಿಚಾರಿಸಬೇಕು. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರಲ್ಲಿ. ಅದಕ್ಕೆ ಮುಂಚೆ ಅದೂ ದಕ್ಷಿಣ ಕನ್ನಡದ ತಾಲ್ಲೂಕು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಬೊಂಬಾಯಿ ಪ್ರಾಂತ್ಯಕ್ಕೆ ಹೋಯಿತು, ಹಾಗಾಗಿ ಭಟ್ಕಳದವರಿಗೂ ಬೈಂದೂರಿನವರಿಗೂ ಆಗ ಹೈಕೋರ್ಟೇ ಬೇರೆಯಾಗಿತ್ತು. ಒಳನಾಡಿನಲ್ಲೂ ಇದೇ ಲೆಕ್ಕ: ಗದಗ, ಹಾವೇರಿಗೆ ಧಾರವಾಡ, ಬಾಗಲಕೋಟೆಗೆ ವಿಜಯಪುರ, ಕೊಪ್ಪಳಕ್ಕೆ ರಾಯಚೂರು, ಚಾಮರಾಜನಗರಕ್ಕೆ ಮೈಸೂರು. ಧಾರವಾಡ, ಬೆಳಗಾವಿ ಕಡೆಯ ಹಳೆಯ ಕಡತಗಳಲ್ಲಿ 1827ರ ಬೊಂಬಾಯಿ ರೆಗ್ಯುಲೇಷನ್ ಪ್ರಕಾರ ಕೊಟ್ಟ ವಾರಸುದಾರಿಕೆಯ ಸರ್ಟಿಫಿಕೇಟುಗಳನ್ನೂ ಮರೆಯದೆ ಕೇಳಬೇಕು. ಹೈದರಾಬಾದ್ ಸೀಮೆಯಲ್ಲಾದರೆ ಉರ್ದು ಓದಬಲ್ಲವರು ಜೊತೆಗಿರಬೇಕು.

ಮುಂಬಯಿಯ ವಿಷಯವನ್ನು ನಮ್ಮವರು ಮರೆಯುತ್ತಾರೆ. ಉಡುಪಿ, ಕುಂದಾಪುರದ ಹಳ್ಳಿಗಳಿಂದ ಹೋಗಿ ಅಲ್ಲಿ ಹೋಟೆಲು ನಡೆಸಿ ಅಲ್ಲೇ ತೀರಿಕೊಂಡವರು ಎಷ್ಟು ಜನ! ಅಲ್ಲಿ ಅವರಿಗೊಂದು ಖೋಲಿಯೋ ಅಂಗಡಿಯೋ ಇದ್ದರೆ, ಹಿಂದೂವಾದರೂ ಉಯಿಲಿಗೆ ಪ್ರೊಬೇಟ್ ಬೇಕಾಗುತ್ತಿತ್ತು. ಬಾಂಬೆ ಹೈಕೋರ್ಟು ಕೊಟ್ಟ ಪ್ರೊಬೇಟನ್ನು ಊರಿನ ಗದ್ದೆಗೂ ಅನ್ವಯಿಸುವಂತೆ ಪಡೆಯಬಹುದಾಗಿತ್ತು. ಹಾಗಾಗಿ ಕುಂದಾಪುರದ ಒಂದು ಬೈಲಿನ ಗದ್ದೆಯ ಚಕ್ಕುಬಂದಿ ಮುಂಬಯಿ ಹೈಕೋರ್ಟಿನ ಟೆಸ್ಟಮೆಂಟರಿ ವಿಭಾಗದಲ್ಲಿ ಇರುವುದು ಅಸಹಜವೇನಲ್ಲ.

ಕೋರ್ಟು ಗೊತ್ತಾದ ಮೇಲೆ ನಂಬರು ಬೇಕು. ಕರ್ನಾಟಕದ ಕೋರ್ಟುಗಳಲ್ಲಿ ಈಗ ಇವುಗಳನ್ನು ‘ಪಿ ಅಂಡ್ ಎಸ್‌ಸಿ’ ಎನ್ನುತ್ತಾರೆ. ಮದ್ರಾಸಿನ ಪದ್ಧತಿ ನಡೆಯುತ್ತಿದ್ದ ಕಾಲದಲ್ಲಿ ‘ಒ.ಪಿ.’ ಎಂದು ನಂಬರು ಹಾಕುತ್ತಿದ್ದರು. ಯಾರಾದರೂ ತಕರಾರು ತೆಗೆದರೆ 295ನೇ ಕಲಮಿನ ಪ್ರಕಾರ ಅದು ದಾವೆಯ ರೂಪ ತಾಳಬೇಕು; ಆಗ ಕಡತಕ್ಕೆ ‘ಒ.ಎಸ್.’ ನಂಬರು ಬೀಳುತ್ತದೆ, ಕಡತ ದಾವೆಗಳ ಕಪಾಟಿಗೆ ಹೋಗುತ್ತದೆ. ಹಳೆಯ ನಂಬರಿನಲ್ಲಿ ಹುಡುಕಿ ಇಲ್ಲವೆಂದು ಹಿಂದಿರುಗಿದವರು ದಾವೆಯ ರಿಜಿಸ್ಟರನ್ನೂ ತೆರೆಸಬೇಕು. ಜಗಳವಾದ ಕಡತದಲ್ಲಿ ಸಾಕ್ಷಿಗಳ ಹೇಳಿಕೆಯೂ ಇರುವುದರಿಂದ ಓದಲು ಅಲ್ಲಿ ಹೆಚ್ಚು ಸಿಗುತ್ತದೆ. ಇ–ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿ ನೋಡುವುದು ಹೊಸ ಪ್ರಕರಣಗಳಿಗೆ ಸರಿ. ಅಜ್ಜನ ಕಾಲದ್ದಕ್ಕೆ ಕೈಬರಹದ ರಿಜಿಸ್ಟರೇ ಗತಿ.

ರಿಜಿಸ್ಟರಿನಲ್ಲಿ ಹೆಸರು ಹುಡುಕುವುದಕ್ಕೆ ತಾಳ್ಮೆ ಬೇಕು. ಬರವಣಿಗೆ ಇಂಗ್ಲಿಷಿನಲ್ಲಿ, ಗುಮಾಸ್ತರ ಕಿವಿಗೆ ಕೇಳಿಸಿದಂತೆ. ಮನೆಯಲ್ಲಿ ಬಸ್ತ್ಯಾಂವ್ ಎನಿಸಿಕೊಂಡವರು ಅಲ್ಲಿ ಸೆಬಾಸ್ಟಿಯನ್. ಪೆದ್ರು ಅಲ್ಲಿ ಪೀಟರ್. ಜುವಾಂವ್ ಅಲ್ಲಿ ಜಾನ್. ಡಿಸೋಜ ಎಂಬುದನ್ನು ‘ಡಿ’ ಅಕ್ಷರದಲ್ಲೂ ನೋಡಬೇಕು, ‘ಎಸ್’ ಅಕ್ಷರದಲ್ಲೂ ನೋಡಬೇಕು. ಹೆಂಗಸಾದರೆ ಗಂಡನ ಹೆಸರಿನಲ್ಲೂ. ಸಾವಿನ ದಿನವನ್ನು ಇಗರ್ಜಿಯ ಪುಸ್ತಕದಿಂದ ಮೊದಲೇ ಖಚಿತ ಮಾಡಿಕೊಂಡು ಹೋಗಿ, ಅಲ್ಲಿಂದ ಮುಂದಕ್ಕೆ ಹುಡುಕಿ. ಸತ್ತ ವರ್ಷದಲ್ಲೇ ನಿಲ್ಲಿಸಬೇಡಿ. ಜಮೀನು ಮಾರಬೇಕಾದಾಗಲೋ, ಸಾಲ ಎತ್ತಬೇಕಾದಾಗಲೋ, ಅಣ್ಣತಮ್ಮಂದಿರಿಗೆ ಮನಸ್ತಾಪವಾದಾಗಲೋ ಪ್ರೊಬೇಟಿಗೆ ಹೋದ ಮನೆಗಳಿವೆ. ಅಷ್ಟರಲ್ಲಿ ಎಷ್ಟೋ ವರ್ಷ ಕಳೆದಿರುತ್ತದೆ.

ನಂಬರು ತಿಳಿಯಲು ಕೋರ್ಟಿನ ಹೊರಗಿನ ದಾರಿಗಳೂ ಇವೆ. ಅರ್ಜಿ ಬಂದಾಗ ಹೊರಡಿಸುವ ಸಾರ್ವಜನಿಕ ನೋಟೀಸನ್ನು ಕೋರ್ಟಿನ ಗೋಡೆಗೂ ಕಲೆಕ್ಟರ ಕಚೇರಿಗೂ ಅಂಟಿಸಬೇಕು, ನ್ಯಾಯಾಧೀಶರು ಹೇಳಿದಂತೆ ಬೇರೆ ರೀತಿಯಲ್ಲೂ ಪ್ರಕಟಿಸಬೇಕು ಎನ್ನುತ್ತದೆ 283ನೇ ಕಲಮು. ಆ ಬೇರೆ ರೀತಿ ಎಂದರೆ ಹೆಚ್ಚಾಗಿ ಪತ್ರಿಕೆ. 1970ರಿಂದೀಚೆಗಾದರೆ ‘ಉದಯವಾಣಿ’ಯ ಹಳೆಯ ಸಂಪುಟಗಳನ್ನು ತಿರುವಿಹಾಕಿ, ಕೋರ್ಟಿನ ಹೆಸರು, ನಂಬರು, ಸತ್ತವರ ಹೆಸರು ಸಣ್ಣ ಅಕ್ಷರದಲ್ಲಿ ಅಲ್ಲಿರಬಹುದು. ಆಸ್ತಿಯ ಬೆಲೆ ಕಡಿಮೆ ತೋರಿಸಿದ್ದಾರೋ ಎಂದು ಪರೀಕ್ಷಿಸಲು ಅರ್ಜಿಯ ಸೂಚನೆ ಕಲೆಕ್ಟರಿಗೂ ಹೋಗುತ್ತಿತ್ತು. ಕೋರ್ಟಿನ ಕಡತ ಗೆದ್ದಲು ಹಿಡಿದಿದ್ದರೂ ಕಂದಾಯ ಇಲಾಖೆಯ ಕಾಗದದಲ್ಲಿ ಅದರ ಸುಳಿವು ಉಳಿದಿರಬಹುದು. ದಕ್ಷಿಣ ಕನ್ನಡದ ಹಳೆಯ ಕಲೆಕ್ಟರೇಟ್ ದಾಖಲೆಗಳಿಗಾಗಿ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೂ ಹೋಗಬೇಕಾಗುತ್ತದೆ. ಜಿಲ್ಲಾ ಕೋರ್ಟಿನ ತೀರ್ಪಿನ ಮೇಲೆ ಅಪೀಲು ಹೋಗಿದ್ದರೆ, 1956ಕ್ಕೆ ಮುಂಚಿನದು ಮದ್ರಾಸ್ ಹೈಕೋರ್ಟಿಗೆ, ಆಮೇಲಿನದು ಬೆಂಗಳೂರಿಗೆ. ಅಪೀಲಿಗೆ ತರಿಸಿಕೊಂಡ ಕಡತ ಹಿಂದಿರುಗಿತೇ ಎಂಬುದನ್ನೂ ವಿಚಾರಿಸಬೇಕು.

ಈಗ ಕೇಳುವ ಬಗೆ. ಕೋರ್ಟಿನ ದಾಖಲೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕಾಯುತ್ತಾ ಕೂರುವವರಿಗೆ ಒಂದು ಮಾತು. ನ್ಯಾಯಾಂಗ ಪ್ರಕರಣದ ಕಡತದ ನಕಲನ್ನು ಕೋರ್ಟಿನದೇ ನಿಯಮಗಳ ಪ್ರಕಾರ ಪಡೆಯಬೇಕು, ಅಂಥ ನಿಯಮವಿರುವಾಗ ಮಾಹಿತಿ ಹಕ್ಕಿನ ದಾರಿ ಹಿಡಿಯಲಾಗದು ಎಂದು ಸುಪ್ರೀಂ ಕೋರ್ಟು ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ 2020ರ ಮಾರ್ಚಿನಲ್ಲಿ ತೀರ್ಮಾನಿಸಿದೆ. ನಮ್ಮಲ್ಲಿ ಆ ನಿಯಮಗಳು 1967ರ ಕರ್ನಾಟಕ ಸಿವಿಲ್ ರೂಲ್ಸ್ ಆಫ್ ಪ್ರಾಕ್ಟೀಸ್‌ನಲ್ಲಿವೆ. ಪ್ರಕರಣದ ಪಕ್ಷಗಾರರಲ್ಲದವರು ಕಾರಣ ತಿಳಿಸಿ, ಅಫಿಡವಿಟ್ಟು ಲಗತ್ತಿಸಿ ಅರ್ಜಿ ಕೊಡಬೇಕು. ಮಗ, ಮೊಮ್ಮಗಳು ಎಂದರೆ ಸಾಲದು. ಸಂಬಂಧ ತೋರಿಸುವ ಒಂದು ಕಾಗದ ಜೊತೆಗಿರಲಿ. ಸಂಶೋಧಕರಾದರೆ ನೀವು ಕೆಲಸ ಮಾಡುವ ಸಂಸ್ಥೆಯ ಪತ್ರವಿರಲಿ.

ಅರ್ಜಿ ಚಿಕ್ಕದಾಗಿರಲಿ. ಸತ್ತವರ ಹೆಸರು ಮತ್ತು ಅದರ ಬೇರೆ ಬೇರೆ ರೂಪಗಳು, ತಂದೆಯ ಅಥವಾ ಗಂಡನ ಹೆಸರು, ಗ್ರಾಮ, ಆಗಿನ ತಾಲ್ಲೂಕು, ಸತ್ತ ದಿನ, ಗೊತ್ತಿದ್ದರೆ ನಂಬರು ಇಷ್ಟನ್ನು ಬರೆದು, ಮೊದಲು ಹುಡುಕಿಕೊಡಿ ಎಂದು ಕೇಳಿ. ನಂಬರು ಸಿಕ್ಕ ಮೇಲೆ ನಕಲು ಅರ್ಜಿ ಹಾಕುವಾಗ ಬೇಕಾದ ಕಾಗದಗಳ ಹೆಸರನ್ನು ಒಂದೊಂದಾಗಿ ಬರೆಯಿರಿ: ಅರ್ಜಿ, ಉಯಿಲು, ಬೆಲೆಪಟ್ಟಿಯ ಎರಡೂ ಅನುಬಂಧ, ಸಾಕ್ಷಿಗಳ ಅಫಿಡವಿಟ್ಟು, ಆರ್ಡರ್ ಶೀಟು, 317ನೇ ಕಲಮಿನ ಆಸ್ತಿಪಟ್ಟಿ ಮತ್ತು ಲೆಕ್ಕ. ಬರೀ ‘ಪ್ರೊಬೇಟ್ ನಕಲು’ ಎಂದು ಬರೆದರೆ ಮೊಹರು ಬಿದ್ದ ಎರಡು ಹಾಳೆ ಕೈಗೆ ಬರುತ್ತದೆ, ನಿಮಗೆ ಬೇಕಾದ ಹಂಡೆ, ಪತ್ತಾಯ, ಕೋಣಗಳೆಲ್ಲ ಕೋಣೆಯಲ್ಲೇ ಉಳಿಯುತ್ತವೆ. ಒಂದು ಕಚೇರಿಯಲ್ಲಿ ನನಗೆ ಹಾಗೇ ಎರಡು ಹಾಳೆ ಕೊಟ್ಟು, ಇಷ್ಟೇ ಇರುವುದು ಎಂದರು. ಪಟ್ಟಿಯ ಹೆಸರು ಬರೆದು ಮತ್ತೆ ಅರ್ಜಿ ಹಾಕಿದ ಮೇಲೆ ಪೂರ್ತಿ ಕಡತ ಹೊರಬಂತು. ದಾಖಲೆ ಕೋಣೆಯ ಸಿಬ್ಬಂದಿ ದಿನವಿಡೀ ಧೂಳಿನಲ್ಲಿ, ಇಂದಿನ ಕೇಸುಗಳ ಒತ್ತಡದಲ್ಲಿ ಕೆಲಸ ಮಾಡುವವರು. ಅವರ ಹೊರೆ ಕಡಿಮೆ ಮಾಡುವಂತೆ ಅರ್ಜಿ ಬರೆದವರಿಗೆ ಅವರು ಮನಸ್ಸಿಟ್ಟು ಹುಡುಕಿಕೊಡುತ್ತಾರೆ, ಇದು ನನ್ನ ಅನುಭವ. ದುಬೈಯಿಂದ, ಕೆನಡಾದಿಂದ ಮೇ ತಿಂಗಳಲ್ಲಿ ಊರಿಗೆ ಬರುವವರು ಇನ್ನೊಂದು ವಿಷಯ ನೆನಪಿಡಿ: ಸಿವಿಲ್ ಕೋರ್ಟುಗಳಿಗೆ ಬೇಸಿಗೆ ರಜೆ ಇರುವುದೂ ಆಗಲೇ. ಕ್ರಿಸ್ಮಸ್ಸಿಗೆ ಬಂದರೂ ರಜೆಯೇ. ಊರಿನಲ್ಲಿರುವ ಒಬ್ಬರಿಗೆ ಮೊದಲೇ ಅಧಿಕಾರ ಪತ್ರ ಕೊಟ್ಟು ಅರ್ಜಿ ಹಾಕಿಸಿಡಿ.

ಪ್ರೊಬೇಟ್ ಆಗಿಯೇ ಇಲ್ಲವೆಂದು ಖಚಿತವಾದರೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ನೋಂದಣಿಯಾದ ಉಯಿಲುಗಳು ಮೂರನೇ ಪುಸ್ತಕದಲ್ಲಿರುತ್ತವೆ. ಬರೆದವರು ಬದುಕಿರುವ ತನಕ ಅದರ ನಕಲು ಅವರಿಗೆ ಅಥವಾ ಅವರ ಏಜೆಂಟರಿಗೆ ಮಾತ್ರ. ಅವರು ತೀರಿಕೊಂಡ ಮೇಲೆ ಯಾರು ಅರ್ಜಿ ಕೊಟ್ಟರೂ ನಕಲು ಕೊಡಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆಯ 57ನೇ ಕಲಮು. ಇದನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ, ಕೌಂಟರಿನಲ್ಲಿ ಬೇಕಾಗುತ್ತದೆ. ಮರಣದ ದಾಖಲೆ ಜೊತೆಗೆ ಒಯ್ಯಿರಿ.

ಮೊಹರು ಮಾಡಿದ ಲಕೋಟೆಗಳ ವಿಷಯ ಇನ್ನೂ ಕುತೂಹಲದ್ದು. ಉಯಿಲನ್ನು ಲಕೋಟೆಯಲ್ಲಿಟ್ಟು ಜಿಲ್ಲಾ ರಿಜಿಸ್ಟ್ರಾರರ ಬಳಿ ಇಡುವ ಅವಕಾಶ ಇದೇ ಕಾಯ್ದೆಯಲ್ಲಿದೆ; ಹಾಗೆ ಇಟ್ಟದ್ದರ ವಿವರ ಐದನೇ ಪುಸ್ತಕದಲ್ಲಿರುತ್ತದೆ. ಹಳ್ಳಿಯ ಕ್ರೈಸ್ತರು ಜಿಲ್ಲಾ ರಿಜಿಸ್ಟ್ರಾರರ ತನಕ ನಡೆದು ಬರಲು ವಿಶೇಷ ಕಾರಣವಿತ್ತು. ಉತ್ತರಾಧಿಕಾರ ಕಾಯ್ದೆಯ 118ನೇ ಕಲಮಿನ ಪ್ರಕಾರ, ಹತ್ತಿರದ ಸಂಬಂಧಿಕರಿದ್ದವರು ಇಗರ್ಜಿಗೋ ಧರ್ಮಕಾರ್ಯಕ್ಕೋ ಆಸ್ತಿ ಬಿಡಬೇಕೆಂದರೆ ಸಾವಿಗೆ ಕನಿಷ್ಠ ಹನ್ನೆರಡು ತಿಂಗಳು ಮುಂಚೆ ಉಯಿಲು ಬರೆದಿರಬೇಕು, ಬರೆದ ಆರು ತಿಂಗಳೊಳಗೆ ಅದನ್ನು ಸುರಕ್ಷಿತವಾಗಿಡಲು ಕಾನೂನು ಏರ್ಪಡಿಸಿದ ಜಾಗದಲ್ಲಿ ಒಪ್ಪಿಸಿರಬೇಕು. ಜಾನ್ ವಳ್ಳಮಟ್ಟಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2003ರಲ್ಲಿ ಈ ಕಲಮನ್ನು ಅಸಿಂಧು ಮಾಡಿತು. ಅಲ್ಲಿಯವರೆಗೆ, ಊರಿನ ಶಾಲೆಗೆ ಜಾಗ ಬಿಡಬೇಕು, ಬಡ ಹೆಣ್ಣುಮಕ್ಕಳ ಮದುವೆಗೆ ಹಣ ಇಡಬೇಕು ಎಂದು ಬಯಸಿದ ಮುದುಕರಿಗೆ ಜಿಲ್ಲಾ ರಿಜಿಸ್ಟ್ರಾರರ ಪೆಟ್ಟಿಗೆಯೇ ಆಸರೆ. ನಮ್ಮ ಹಳ್ಳಿಗಳ ದಾನಧರ್ಮದ ಚರಿತ್ರೆ ಬರೆಯುವವರು ಆ ಐದನೇ ಪುಸ್ತಕವನ್ನು ಕೇಳಲೇಬೇಕು.

ಕೊನೆಯದಾಗಿ ಪಹಣಿಯ ಕಡೆಯಿಂದ ಹಿಂದಕ್ಕೆ ಬರುವ ದಾರಿ. ಪೌತಿ ಖಾತೆಯೋ ಉಯಿಲಿನ ಮೇಲಿನ ಖಾತೆಯೋ ಆಗಿದ್ದರೆ ಮ್ಯುಟೇಷನ್ ರಿಜಿಸ್ಟರಿನಲ್ಲಿ ಅದರ ನಂಬರಿದೆ, ಆಧಾರ ಕಾಗದದ ಉಲ್ಲೇಖವಿದೆ. ಆದರೆ 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಯಾದ ಮೇಲೆ ಗೇಣಿಗೆ ಕೊಟ್ಟಿದ್ದ ನೆಲ ಒಕ್ಕಲುಗಳ ಪಾಲಾದ್ದರಿಂದ, ಹಳೆಯ ಬೆಲೆಪಟ್ಟಿಯಲ್ಲಿದ್ದ ಎಷ್ಟೋ ಸರ್ವೆ ನಂಬರುಗಳು ಇಂದಿನ ಪಹಣಿಯಲ್ಲಿ ಬೇರೆ ಹೆಸರಿನಲ್ಲಿವೆ. ಇದನ್ನು ಕಂಡು ಯಾರ ಮನೆಗೂ ಜಗಳಕ್ಕೆ ಹೋಗಬೇಡಿ. ಒಕ್ಕಲಿನವರ ಹೆಸರು, ಅವರು ತಂದ ಗೇಣಿಯ ಲೆಕ್ಕ ಕೂಡ ಆ ಪಟ್ಟಿಯಲ್ಲೇ ಇದೆ. ಅವರ ಮೊಮ್ಮಕ್ಕಳಿಗೂ ಆ ಕಡತ ಅಷ್ಟೇ ಸಲ್ಲುತ್ತದೆ. ತಮ್ಮ ಹಿರಿಯರ ಹೆಸರಿನಲ್ಲಿ ಒಂದು ಕಾಗದವೂ ಇಲ್ಲವೆಂದುಕೊಂಡಿರುವ ಮನೆಗಳಿಗೆ ಇದು ಎಷ್ಟು ದೊಡ್ಡದು ಎಂಬುದನ್ನು ಬಾಯಲ್ಲಿ ಹೇಳಲಾರೆ.

ಉತ್ತರಾಧಿಕಾರ ಕಾಯ್ದೆಯ 294ನೇ ಕಲಮು ಪ್ರೊಬೇಟ್ ಆದ ಮೂಲ ಉಯಿಲುಗಳನ್ನು ಜಿಲ್ಲಾ ನ್ಯಾಯಾಧೀಶರ ದಾಖಲೆಗಳಲ್ಲೇ ಕಾಪಾಡಬೇಕು ಎನ್ನುತ್ತದೆ, ಉಯಿಲುಗಳಿಗೆಂದೇ ಒಂದು ಸಾರ್ವಜನಿಕ ರಿಜಿಸ್ಟ್ರಿ ಸ್ಥಾಪನೆಯಾಗುವ ತನಕ. ಅವುಗಳ ರಕ್ಷಣೆಗೂ ಪರಿಶೀಲನೆಗೂ ರಾಜ್ಯ ಸರ್ಕಾರ ನಿಯಮ ಮಾಡಬೇಕು ಎಂದೂ ಹೇಳುತ್ತದೆ. ನಮ್ಮ ಜಿಲ್ಲೆಗಳಲ್ಲಿ ಅಂಥ ರಿಜಿಸ್ಟ್ರಿಯನ್ನು ಕಾಯುತ್ತಾ ಕುಳಿತರೆ ಕಾಗದ ಕಾಯುವುದಿಲ್ಲ. ಕರಾವಳಿಯ ಮಳೆಗಾಲ ಕಾಗದಕ್ಕೆ ಏನು ಮಾಡುತ್ತದೆಂದು ಇಲ್ಲಿರುವ ಎಲ್ಲರೂ ಬಲ್ಲಿರಿ.

ಈ ಸಭೆಯಲ್ಲಿರುವ ಕಿರಿಯ ವಕೀಲರ ಮುಂದೆ ಒಂದು ಬೇಡಿಕೆ ಇಡುತ್ತೇನೆ. ಜಿಲ್ಲಾ ನ್ಯಾಯಾಧೀಶರ ಅನುಮತಿ ಪಡೆದು, 1956ಕ್ಕೆ ಹಿಂದಿನ ಪ್ರೊಬೇಟ್ ರಿಜಿಸ್ಟರುಗಳಿಂದ ಒಂದು ಪಟ್ಟಿ ತಯಾರಿಸೋಣ. ನಂಬರು, ವರ್ಷ, ಸತ್ತವರ ಹೆಸರು, ಗ್ರಾಮ, ತಾಲ್ಲೂಕು ಇಷ್ಟೇ ಸಾಕು. ಉಯಿಲಿನ ಒಳಗಿನ ಮಾತು ಪಟ್ಟಿಗೆ ಬೇಡ. ಮನೆಯೊಳಗಿನ ನೋವು, ಕಾಯಿಲೆ, ಮುಚ್ಚಿಟ್ಟ ಸಂಬಂಧಗಳು ಅಲ್ಲಿರುತ್ತವೆ, ಅದನ್ನು ಆ ಮನೆಯವರೇ ಮೊದಲು ಓದಲಿ. ಪಟ್ಟಿಯ ಒಂದು ಪ್ರತಿ ಕೋರ್ಟಿನ ನಕಲು ವಿಭಾಗಕ್ಕೆ, ಒಂದು ಜಿಲ್ಲಾ ಗ್ರಂಥಾಲಯಕ್ಕೆ, ಒಂದು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ. ಮೊದಲಿಗೆ ಬೆಳ್ತಂಗಡಿ, ಬಂಟ್ವಾಳ ತಾಲ್ಲೂಕುಗಳನ್ನು ತೆಗೆದುಕೊಳ್ಳಬಹುದು, ಆಮೇಲೆ ಕಾರ್ಕಳ, ಕುಂದಾಪುರ. ಅನುಮತಿಯ ಅರ್ಜಿಯ ಕರಡು ನನ್ನ ಚೀಲದಲ್ಲಿದೆ. ಸಹಿ ಹಾಕಲು ಬಯಸುವವರು ಸಭೆ ಮುಗಿದ ಮೇಲೆ ದಯವಿಟ್ಟು ಇಲ್ಲೇ ಉಳಿಯಿರಿ.